ಬಾಗಿಲಲ್ಲಿ ಹೇಳಿದ ಹೆಸರು

ಒಡಪು ಎಂದರೆ ನನಗೆ ಮೊದಲಿನಿಂದಲೂ ಮೈ ಉರಿ. ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳದಿದ್ದರೆ ಮದುಮಗಳನ್ನು ಒಳಗೇ ಬಿಡುವುದಿಲ್ಲವಂತೆ! ನನ್ನನ್ನು ಹಾಗೆ ಅರ್ಧ ಗಂಟೆ ಬಾಗಿಲಲ್ಲಿ ನಿಲ್ಲಿಸಿದವರು ಧಾರವಾಡ ಕಡೆಯ ನನ್ನ ಅತ್ತೆ, ನೀಲವ್ವ.

ಅದೇ ಅತ್ತೆ ೧೯೮೬ರಲ್ಲಿ ಅಮೆರಿಕದ ಓಕ್ಲ್ಯಾಂಡಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ಮಾವ ತೀರಿ ಹನ್ನೆರಡು ವರ್ಷವಾಗಿತ್ತು. ಆಮೇಲೆ ಅವರನ್ನು ಯಾರೂ ಒಡಪು ಕೇಳಿರಲಿಲ್ಲ. ಮದುವೆಮನೆಗೆ ಹೋದರೂ ಹಿಂದಿನ ಸಾಲು ಬಿಟ್ಟು ಏಳುತ್ತಿರಲಿಲ್ಲ.

ಪಕ್ಕದ ಮನೆಯ ರೊಹಾನಾ ಮಲೇಷಿಯಾದ ನರ್ಸು. ಮಗನ ಮದುವೆಗೆ ನಮ್ಮನ್ನೂ ವಾಲ್ನಟ್ ಕ್ರೀಕಿನ ಹೆಣ್ಣಿನ ಮನೆಗೆ ಕರೆದೊಯ್ದಳು. ಫ್ರೀವೇ ಉದ್ದಕ್ಕೂ ಅವಳಿಗೆ ಒಂದೇ ಚಿಂತೆ. ಅವರಲ್ಲಿ ಹೆಣ್ಣಿನವರು ಬಾಗಿಲು ತಡೆದು ಪಾಂತುನ್ ಹೇಳುತ್ತಾರಂತೆ. ಬಾಯಿಂದ ಬಾಯಿಗೆ ಬಂದ ನಾಲ್ಕು ಸಾಲಿನ ಪದ್ಯ ಅದು. ಗಂಡಿನವರೂ ಪದ್ಯದಲ್ಲೇ ಉತ್ತರ ಕೊಡಬೇಕು. ನೂರಾರು ಪಾಂತುನ್ ಬಲ್ಲ ಅವಳ ಅಣ್ಣನಿಗೆ ವೀಸಾ ಸಿಕ್ಕಿರಲಿಲ್ಲ. ಬಾಯಿಲ್ಲದ ಬೀಗರೆಂದು ನಗುತ್ತಾರೆ ಅಂತ ಕಣ್ಣೀರು ಹಾಕಿದಳು.

ಅಲ್ಲಿ ಇಳಿದ ಮೇಲೆ ಉಡುಗೊರೆಯ ತಟ್ಟೆಗಳಿಗೆ ಕೈ ಸಾಲದೆ ಒಂದನ್ನು ಅತ್ತೆಗೆ ಕೊಟ್ಟು ಮುಂದೆ ನಿಲ್ಲಿಸಿದಳು. ತಾನು ವಿಧವೆ, ಮುಂದೆ ನಿಲ್ಲಬಾರದು ಎಂದು ಅತ್ತೆ ಕನ್ನಡದಲ್ಲಿ ಹೇಳಿದ್ದು ಅವಳಿಗೆ ಹೇಗೆ ತಿಳಿಯಬೇಕು?

ಹೆಣ್ಣಿನ ಸೋದರತ್ತೆ ಬಾಗಿಲಿಗೆ ಅಡ್ಡ ನಿಂತು ರಾಗವಾಗಿ ಪದ್ಯ ಹೇಳಿದಳು. ರೊಹಾನಾ ತಲೆ ತಗ್ಗಿಸಿದಳು.

ಅತ್ತೆ ನನ್ನತ್ತ ಬಾಗಿ, "ಹೆಸರ ಕೇಳಾಕತ್ತಾರೇನ, ವಿಮಲಾ?" ಎಂದರು. ಅಲ್ಲ ಎನ್ನುವಷ್ಟರಲ್ಲಿ ಅವರು ಕೊರಳೆತ್ತಿಯಾಗಿತ್ತು:

"ಬಿಸಲಿಗೆ ಹರವೀನಿ ಹೊಸ ಅವರಿಕಾಳ,
ಬಾಗಲಕ ಬಂದೀನಿ, ನಿಲ್ಲಿಸಬ್ಯಾಡ್ರಿ ಭಾಳ;
ಬಸವಂತಪ್ಪನವರ ಹೆಸರಿಂದ್ಲೇ ಬೆಳಗೈತಿ ನನ್ನ ಬಾಳ!"

ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೋದರತ್ತೆಗೆ ಒಂದಕ್ಷರವೂ ತಿಳಿದಿರಲಿಲ್ಲ, ಪ್ರಾಸ ಮಾತ್ರ ಕಿವಿಗೆ ಬಿದ್ದಿತ್ತು. ಕೊನೆಯ ಸಾಲಿನಲ್ಲಿ ಬಂದದ್ದು ಯಾರ ಹೆಸರೆಂದು ಇಂಗ್ಲಿಷಿನಲ್ಲಿ ಕೇಳಿದಳು. ಅವರ ಗಂಡನದು ಎಂದೆ. ಅವಳು ಕ್ಷಣ ಯೋಚಿಸಿ, ನಿಂತಲ್ಲೇ ಹೊಸ ಪಾಂತುನ್ ಕಟ್ಟಿದಳು. ಅವರ ಭಾಷೆಯಲ್ಲಿ 'ಯಾರು' ಎನ್ನಲು 'ಸಿಯಾಪಾ' ಎನ್ನುತ್ತಾರೆ. ಅದಕ್ಕೆ ಪ್ರಾಸವಾಗಿ ಕೊನೆಯಲ್ಲಿ 'ಬಸವಂತಪ್ಪಾ' ಎಂದು ಹಾಡಿ ಬಾಗಿಲು ಬಿಟ್ಟಳು. ಒಳಗಿದ್ದವರೆಲ್ಲ ನಗುತ್ತಾ ಅದನ್ನೇ ಮತ್ತೆ ಹಾಡಿದರು. ರೊಹಾನಾ ಎಲ್ಲರಿಗಿಂತ ಜೋರಾಗಿ ಹಾಡಿದಳು.

ಒಡಪಿನಲ್ಲಿ ಬಿಟ್ಟರೆ ಬಾಳೆಲ್ಲ ಮಾವನನ್ನು 'ಇವರು' ಎಂದೇ ಕರೆದಿದ್ದ ಅತ್ತೆ ಹೊಸ್ತಿಲ ಮೇಲೆ ನಿಂತು ಆ ಹೆಸರನ್ನು ಎಲ್ಲರ ಬಾಯಲ್ಲಿ ಕೇಳಿಸಿಕೊಂಡರು.

"ಇವರೂ ಮದವಿಗೆ ಬಂದಾಂಗಾತ ನೋಡವಾ," ಎಂದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ನೆಟ್ಟಗೆ ಹೋಗಿ ಮೊದಲನೇ ಸಾಲಿನಲ್ಲಿ ಕುಳಿತರು.