ಹಲ್ಲಿನ ಗುರುತು

ಅತ್ತೆ ರಾಜೀವಿ ಕುದಿಯುವ ನೀರಿನ ಪಾತ್ರೆ ಹಿಡಿದು ಹಿತ್ತಿಲ ಬಾಗಿಲು ದಾಟುವುದನ್ನು ಕಂಡು ಸುಪ್ರೀತಾ ಆಟದ ಬ್ಲಾಕುಗಳಿದ್ದ ಟಬ್ಬಿನ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

"ಬೇಡ ಮಾಮಿ. ಪ್ಲಾಸ್ಟಿಕ್, ಸೊಟ್ಟ ಆಗ್ತದೆ. ಬಿಸಿನೀರಿಗೆ ಬಾಯಿ ಬಿಡ್ಲಿಕ್ಕೆ ಇದೆಂತ ಮರುವಾಯಿ ಚಿಪ್ಪಾ?"

"ಮತ್ತೆ ಹಳೇ ಕೊಳೆ ಹೋಗುದು ಹೇಗೆ? ವಿಜೇತಾ ಸಂಜೆ ಬರ್ತಾಳೆ. ಅವಳ ಮಗಳು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ತಾಳೆ."

"ಬ್ರಶ್ಶಲ್ಲಿ ಉಜ್ಜುತ್ತಾ ಇದ್ದೇನಲ್ಲ."

ರಾಜೀವಿ ಪಾತ್ರೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟು ಒಳಗೆ ಹೋದಳು. ಬೋಳಾರದ ಆ ಮನೆಯಲ್ಲಿ ಬೆಳಗಿನಿಂದ ಮೀನಿನ ಗಸಿಯ ಪರಿಮಳ ತುಂಬಿತ್ತು. ಆಟಿ ತಿಂಗಳು, ಸತ್ತವರಿಗೆ ಎಲೆ ಬಡಿಸುವ ದಿನ. ಹಿರಿಯರ ಸಾಲಿನ ಕೊನೆಗೆ ಸುಪ್ರೀತಾಳ ಮಗ ಭುವನ್‌ಗೂ ಒಂದು ತುಂಡೆಲೆ. ಜ್ವರದಲ್ಲಿ ಅವನು ಹೋದ ಮೇಲೆ ಇದು ಎರಡನೆಯ ಆಟಿ.

ಆಟದ ಸಾಮಾನು ಇರುವಷ್ಟು ದಿನ ಸತ್ತ ಮಗು ಅದರ ಹತ್ತಿರವೇ ಕೂತಿರುತ್ತದೆ, ಬೇರೆ ಮಗುವಿನ ಕೈಗೆ ಹೋದರೆ ಅದೂ ಹೊರಡುತ್ತದೆ ಎಂದು ರಾಜೀವಿ ಹೇಳಿದ್ದಳು. ನಾದಿನಿ ವಿಜೇತಾಳ ಮಗಳಿಗೆ ಬ್ಲಾಕುಗಳನ್ನು ಕೊಡಲು ಸುಪ್ರೀತಾ ಒಪ್ಪಿದ್ದಳು. ಆದರೆ ಒಂದನ್ನು ಮಾತ್ರ, ಅವನ ಹಲ್ಲಿನ ಗುರುತಿರುವ ಒಂದನ್ನು, ಉಳಿಸಿಕೊಳ್ಳಬೇಕು. ಇದನ್ನು ಯಾರಿಗೂ ಹೇಳಿರಲಿಲ್ಲ.

ಹಳೆಯ ಟೂತ್‌ಬ್ರಶ್ ಒಂದೊಂದರ ಒಳಗೂ ಇಳಿದು ಕಪ್ಪು ಕೊಳೆಯನ್ನು ಹೊರಗೆ ತರುತ್ತಿತ್ತು. ತೊಳೆದವನ್ನು ನೀರು ಬಸಿಯಲೆಂದು ಗಂಡ ರೋಷನ್ ಕಟ್ಟಿಕೊಟ್ಟ ಹಳೆಯ ಬಲೆಯ ತುಂಡಿಗೆ ಹಾಕುತ್ತಿದ್ದಳು. ಕೆಂಪು ಬ್ಲಾಕೊಂದರ ಅಂಚಿನಲ್ಲಿ ಎರಡು ತಗ್ಗುಗಳು ಬೆರಳಿಗೆ ತಾಗಿದವು. ಅದನ್ನು ಸಾಬೂನಿನ ಡಬ್ಬದ ಹಿಂದೆ ಇಟ್ಟಳು.

ಹಿತ್ತಿಲ ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ರೋಷನ್ ನೋಡಿದ.

"ಅದು ಯಾಕೆ ಬೇರೆ?"

"ಅವನು ಕಚ್ಚಿದ್ದು."

"ಶುಕೂರನ ಗುಜರಿ ಅಂಗಡಿಯಿಂದ ತಂದದ್ದಲ್ಲವಾ? ಯಾವ ಮಗು ಕಚ್ಚಿದ್ದೋ." ಎದ್ದು ಬಂದು ಬ್ಲಾಕನ್ನು ಬೆಳಕಿಗೆ ಹಿಡಿದ. "ಮಕ್ಕಳಿಗೆ ಇಷ್ಟು ದೊಡ್ಡ ಹಲ್ಲು ಎಲ್ಲಿ ಮಾರಾಯ್ತಿ? ಇದು ನಿಂದೇ. ಅವನಿಗೆ ಎದುರಿನ ಹಲ್ಲು ಇರ್ಲಿಲ್ಲ. ಅಂಟಿಕೊಂಡದ್ದನ್ನೆಲ್ಲ ಕಚ್ಚಿ ಬಿಡಿಸ್ಲಿಕ್ಕೆ ನಿನ್ನ ಹತ್ರ ತರ್ತಿದ್ದ. ನಾನು ನಿನಗೆ ಅಡಕತ್ತರಿ ಅಂತ ಹೆಸರಿಟ್ಟಿದ್ದೆ, ಮರ್ತಿಯಾ?"

ನಗಲು ಹೊರಟವನು ನಿಲ್ಲಿಸಿದ. ಸುಪ್ರೀತಾ ಬ್ಲಾಕನ್ನು ಬಾಯಿಗಿಟ್ಟುಕೊಂಡಳು. ಆ ತಗ್ಗುಗಳಲ್ಲಿ ಅವಳ ಹಲ್ಲುಗಳು ಸರಿಯಾಗಿ ಕೂತವು.

ಬಲೆಯಲ್ಲಿದ್ದವನ್ನೆಲ್ಲ ಮತ್ತೆ ಟಬ್ಬಿಗೆ ಸುರಿದು ಹುಡುಕಿದಳು. ಗುರುತಿದ್ದಲ್ಲೆಲ್ಲ ಅವಳದೇ ಹಲ್ಲು. ಅವನ ಉಗುರಿನ ಮಣ್ಣು, ತಿಂದ ಕೈಯ ಜಿಡ್ಡು ಆಗಲೇ ತೆಂಗಿನ ಬುಡಕ್ಕೆ ಹರಿದುಹೋಗಿತ್ತು. ನೀರು ಇಂಗಿದ ಜಾಗದಲ್ಲಿ ಒಂದಿಷ್ಟು ನೊರೆ ಇನ್ನೂ ಒಡೆಯುತ್ತಿತ್ತು.

ಟಬ್ಬಿನ ತಳದಲ್ಲಿ ನೀಲಿ ಮತ್ತು ಬಿಳಿ ಬ್ಲಾಕುಗಳ ಅಂಟಿಕೊಂಡ ಒಂದು ಜೋಡಿ ಉಳಿದಿತ್ತು. ಉಗುರು ಹಾಕಿದರೂ ಬಿಡಲಿಲ್ಲ. ಅಂಚಿನಲ್ಲಿ ಯಾರ ಹಲ್ಲಿನ ಗುರುತೂ ಇರಲಿಲ್ಲ. ಅವನು ಇದನ್ನು ಅವಳ ಬಳಿ ತಂದೇ ಇರಲಿಲ್ಲ.

ಸಂಜೆ ವಿಜೇತಾ ಮಗಳೊಂದಿಗೆ ಬಂದಳು. ಒಳಕೋಣೆಯಲ್ಲಿ ಎಲೆಗಳಿಗೆ ಬಡಿಸಿಯಾದ ಮೇಲೆ ಸುಪ್ರೀತಾ ಆ ಜೋಡಿಯನ್ನು ತುಂಡೆಲೆಯ ಪಕ್ಕದಲ್ಲಿಟ್ಟಳು. ರಾಜೀವಿ ಅದನ್ನು ನೋಡಿ ಬಾಗಿಲು ಮುಚ್ಚಿದಳು. ಎಲ್ಲರೂ ಹೊರಗೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ರಾಜೀವಿ ಬಾಗಿಲ ಬಳಿ ನಿಂತು ಕೆಮ್ಮಿದಳು. ಉಣ್ಣಲು ಬಂದ ಸತ್ತವರು ಎದ್ದು ಹೋಗಲಿ ಎಂದು ಹಾಗೆ ಕೆಮ್ಮಿಯೇ ಬಾಗಿಲು ತೆರೆಯಬೇಕು.

ಅನ್ನ ಇದ್ದ ಹಾಗೇ ಇತ್ತು. ಜೋಡಿಯೂ.

ಸುಪ್ರೀತಾ ಒಳಗೆ ಹೋಗಿ ತುಂಡೆಲೆಯ ಮುಂದೆ ಕುಳಿತಳು.

"ಬಾಗಿಲು ಹಾಕಿ ಮಾಮಿ."

"ಬದುಕಿದ್ದವರು ಅಲ್ಲಿ ಕೂತ್ಕೊಳ್ಬಾರ್ದು ಮಗಾ."

"ಸ್ವಲ್ಪ ಹೊತ್ತು."

ಬಾಗಿಲು ಮುಚ್ಚಿಕೊಂಡಿತು. ಸುಪ್ರೀತಾ ಜೋಡಿಯನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದಳು. ಟಕ್ ಎಂದು ಬೇರೆಯಾಯಿತು. ಒಳಗಿದ್ದ ಕಡಲ ಹೊಯ್ಗೆಯ ನಾಲ್ಕು ಕಣ ತುಟಿಗೆ ಹತ್ತಿದವು. ಎರಡನ್ನೂ ಸೆರಗಿನಲ್ಲಿ ಒರೆಸಿ, ಅಂಗೈಯ ಮೇಲಿಟ್ಟು, ಎಲೆಯ ಆಚೆಗಿನ ಕತ್ತಲೆಗೆ ಚಾಚಿದಳು.

ಹೊರಗೆ ರಾಜೀವಿಗೆ ನಿಜವಾಗಿಯೂ ಕೆಮ್ಮು ಬಂತು. ಅವಳು ಸೆರಗಿನಿಂದ ಬಾಯಿಯನ್ನು ಒತ್ತಿ ಹಿಡಿದುಕೊಂಡಳು.