ಟೇಲರಮ್ಮ ಹಿತ್ತಲಿಗೆ ಹೋಗುವುದನ್ನು ಬಿಟ್ಟದ್ದೇಕೆ

ಕೆಲವು ಮನೆಗಳಲ್ಲಿ ಎಲ್ಲವೂ ಹೊಸದಾಗಿ ಹೊಳೆಯುತ್ತಿರುತ್ತದೆ. ಆದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನು ಎಂದು ಕೇಳಿದರೆ ಮನೆಯವರಿಗೇ ಗೊತ್ತಿರುವುದಿಲ್ಲ. ಇದು ಅಂಥ ಒಂದು ಮನೆಯಲ್ಲಿ ನಡೆದದ್ದು.

ಯಜಮಾನರು ಬಸ್ಸು ಓಡಿಸಿ ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಈಗಲೂ ಡ್ರೈವರಣ್ಣ ಎಂದೇ ಕರೆಯುತ್ತಾರೆ. ಅವರ ಹೆಂಡತಿ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಾರೆ, ಹಾಗಾಗಿ ಟೇಲರಮ್ಮ. ಮಗಳ ಸಂಸಾರ ಮಹಡಿಯ ಮೇಲೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಎರಡು ಮೆಟ್ಟಿಲು, ಇಳಿದರೆ ಹಿತ್ತಲು. ಅಲ್ಲಿ ಟೊಮೇಟೊ, ಹುರುಳಿಕಾಯಿ, ಪುದೀನ, ನಾಲ್ಕಾರು ಗುಲಾಬಿ ಗಿಡ. ಗಿಡಗಳ ನಡುವಿನ ದಾರಿಯಲ್ಲಿ ಹೋದರೆ ಮೂಲೆಯಲ್ಲಿ ಬಚ್ಚಲುಮನೆ, ಅದರೊಳಗೇ ಪಾಯಿಖಾನೆ. ಕೆಳಗಿನ ಮನೆಗೆ ಇರುವುದು ಅದೊಂದೇ.

ನಿವೃತ್ತಿಯ ದುಡ್ಡು ಕೈಗೆ ಬಂದಾಗ ಡ್ರೈವರಣ್ಣ ಅದರಲ್ಲಿ ಒಂದು ಪಾಲು ಮನೆಗೆಂದು ತೆಗೆದಿಟ್ಟರು. ಹೆಚ್ಚೇನೂ ಇರಲಿಲ್ಲ, ಆದರೆ ಅಷ್ಟನ್ನೂ ಹೆಂಡತಿಗಾಗಿ ಖರ್ಚು ಮಾಡಬೇಕು ಎಂಬ ಆಸೆ ಅವರಿಗಿತ್ತು. ವರ್ಷಗಟ್ಟಲೆ ಬಸ್ಸಿನಲ್ಲೇ ಕಳೆದವರು, ಮನೆಯಲ್ಲಿ ಒಂದು ಮೊಳೆಯನ್ನೂ ಹೊಡೆದವರಲ್ಲ. ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದರು. ಬಗ್ಗಿ ನೋಡಿದರೆ ಮುಖ ಕಾಣುವಷ್ಟು ನುಣುಪು. ಮೆಟ್ಟಿಲಿಗೂ ಹಿತ್ತಲಿನ ದಾರಿಗೂ ಪಾಲಿಶ್ ಮಾಡಿದ ಕಲ್ಲುಚಪ್ಪಡಿ ಹಾಸಿಸಿದರು. ಗುಲಾಬಿಗೆ ಕಬ್ಬಿಣದ ಕಮಾನು ಬಂತು. ಪ್ರತಿ ಸಲವೂ ಹೆಂಡತಿಯನ್ನು ಬಾಗಿಲಿಗೆ ಕರೆದು, ಹೇಗಿದೆ ಚೆನ್ನಾಗಿದೆಯಾ ಎಂದು ಕೇಳಿದರು. ಟೇಲರಮ್ಮ ಚೆನ್ನಾಗಿದೆ ಎಂದರು.

ಆದರೆ ಚೆನ್ನಾಗಿದೆ ಎಂದವರು ಹಿತ್ತಲಿಗೆ ಬರುವುದನ್ನು ಕಡಿಮೆ ಮಾಡಿದರು. ಬೆಳಗಾದರೆ ಗಿಡಗಳ ಹತ್ತಿರ ನಿಂತು ಅವುಗಳೊಡನೆ ಮಾತಾಡುತ್ತಿದ್ದವರು ಈಗ ಕಿಟಕಿಯಿಂದ ನೋಡಿ ಸುಮ್ಮನಾಗುತ್ತಿದ್ದರು. ಕೇಳಿದರೆ ಮಂಡಿನೋವು ಎನ್ನುತ್ತಿದ್ದರು. ಪುದೀನ ಒಣಗಿತು, ಹುರುಳಿಕಾಯಿ ಬಲಿತು ಬಳ್ಳಿಯಲ್ಲೇ ಉಳಿಯಿತು. ಹಿತ್ತಲು ಇನ್ನೂ ಸಾಕಷ್ಟು ಚಂದವಾಗಿಲ್ಲವೇನೋ ಎಂದುಕೊಂಡ ಡ್ರೈವರಣ್ಣ ಗೋಡೆಗೆ ಬಣ್ಣ ಬಳಿಸಿದರು. ಅದಕ್ಕೂ ಆಕೆ ಹೊರಗೆ ಬರದಿದ್ದಾಗ ಒಂದು ಪುಟ್ಟ ಕಾರಂಜಿಗೆ ಮುಂಗಡ ಕೊಟ್ಟು ಬಂದರು. ತಾನು ಮಾಡಿದಷ್ಟೂ ಹೆಂಡತಿ ಏಕೆ ಹಿಂದೆ ಹಿಂದೆ ಸರಿಯುತ್ತಾಳೆ ಎಂಬುದರ ತಲೆಬುಡ ಅವರಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ಟೇಲರಮ್ಮನ ಹೊಲಿಗೆ ತಪ್ಪತೊಡಗಿತು. ಒಂದು ಅಂಗಿಗೆ ಒಂದು ತೋಳನ್ನು ಒಳಹೊರಗಾಗಿ ಕೂಡಿಸಿ ಕಳಿಸಿಬಿಟ್ಟಿದ್ದರು. ಕೊಟ್ಟ ಬಟ್ಟೆ ಯಾರದು ಎಂದು ಮರೆಯುತ್ತಿದ್ದರು. ಎದ್ದು ನಿಂತರೆ ತಲೆ ತಿರುಗಿ ಮೆಷಿನ್ ಹಿಡಿದುಕೊಳ್ಳುತ್ತಿದ್ದರು. ಒಂದು ದಿನ ಮಗಳನ್ನೇ ನಿಟ್ಟಿಸಿ ನೋಡಿ, ನೀನು ಯಾವಾಗ ಬಂದೆ ಎಂದು ಕೇಳಿದರು. ಮಗಳು ಬೆಳಗಿನಿಂದಲೂ ಅಲ್ಲೇ ಇದ್ದಳು. ಅಮ್ಮನಿಗೆ ಮರೆವಿನ ಕಾಯಿಲೆಯೇ ಇರಬೇಕು ಎಂದು ಆಕೆ ಹೆದರಿದಳು. ವಯಸ್ಸಾಯಿತಲ್ಲ ಎಂದು ಡ್ರೈವರಣ್ಣ ಸಮಾಧಾನ ಹೇಳಿದರು. ಆದರೆ ಹೇಳುವಾಗ ಅವರ ದನಿಯಲ್ಲೇ ಧೈರ್ಯವಿರಲಿಲ್ಲ.

ಬಿ.ಪಿ. ನೋಡಲು ಆರೋಗ್ಯ ಕೇಂದ್ರದ ನರ್ಸಮ್ಮ ಆಗಾಗ ಆ ಬೀದಿಗೆ ಬರುತ್ತಿದ್ದರು. ಅವರು ಎಲ್ಲವನ್ನೂ ಕೇಳಿಸಿಕೊಂಡು, ಹೀಗೆ ಇದ್ದಕ್ಕಿದ್ದಂತೆ ಗೊಂದಲ ಶುರುವಾದರೆ ವಯಸ್ಸಿನ ಮೇಲೆ ಹಾಕಿ ಕೂರಬಾರದು, ತಕ್ಷಣ ಡಾಕ್ಟರಿಗೆ ತೋರಿಸಬೇಕು ಎಂದರು. ಮನೆಯವರು ಅಂದೇ ಕರೆದುಕೊಂಡು ಹೋದರು. ಡಾಕ್ಟರು ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿ, ದೇಹದಲ್ಲಿ ನೀರಿನಂಶ ತುಂಬಾ ಕಡಿಮೆಯಾಗಿದೆ, ತಲೆಸುತ್ತಿಗೂ ಮರೆವಿಗೂ ಅದೇ ಕಾರಣವಿರುವ ಹಾಗಿದೆ ಎಂದರು. ಟೇಲರಮ್ಮನಿಗೆ ಹೃದಯದ ತೊಂದರೆಯಾಗಲಿ ಮೂತ್ರಪಿಂಡದ ತೊಂದರೆಯಾಗಲಿ ಇರಲಿಲ್ಲ. ಹಾಗಾಗಿ ಚೆನ್ನಾಗಿ ನೀರು ಕುಡಿಯಲಿ ಎಂದು ಹೇಳಿ ಕಳಿಸಿದರು.

ಇಷ್ಟೇ ತಾನೇ ಎಂದು ಮನೆಯವರು ನಿಟ್ಟುಸಿರು ಬಿಟ್ಟರು. ಮಗಳು ಮೆಷಿನ್ ಪಕ್ಕದಲ್ಲಿ ನೀರಿನ ಜಗ್ ಇಟ್ಟಳು. ಸಂಜೆ ನೋಡಿದರೆ ಜಗ್ ಇಟ್ಟ ಹಾಗೇ ಇತ್ತು. ಮರುದಿನವೂ ಹಾಗೇ. ಗದರಿದರೆ ಎರಡು ಗುಟುಕು ಕುಡಿಯುತ್ತಿದ್ದರು, ಆಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ಕಣ್ಣ ಮುಂದೆ ನೀರಿದೆ, ಔಷಧ ಎಂದರೆ ಅದೇ ಎಂದು ಡಾಕ್ಟರು ಹೇಳಿದ್ದಾರೆ, ಆದರೂ ಕುಡಿಯುವುದಿಲ್ಲ. ಇದೇನು ಹಟವೋ ಕಾಯಿಲೆಯೋ ಎಂದು ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನರ್ಸಮ್ಮ ಮತ್ತೆ ಬಂದಾಗ ಅವರಿಗೂ ಮೊದಲಿಗೆ ಇದು ಅರ್ಥವಾಗಲಿಲ್ಲ. ಬಾಯಿಹುಣ್ಣೇ, ನುಂಗಲು ಕಷ್ಟವೇ ಎಂದೆಲ್ಲ ಕೇಳಿದರು. ಟೇಲರಮ್ಮ ಎಲ್ಲಕ್ಕೂ ಇಲ್ಲ ಎಂದರು. ಕೊನೆಗೆ ನರ್ಸಮ್ಮ ಜಗ್ಗನ್ನು ಪಕ್ಕಕ್ಕೆ ಸರಿಸಿ ಕೇಳಿದರು: "ಅಮ್ಮಾ, ನೀರು ಕುಡಿದ ಮೇಲೆ ಏನಾಗುತ್ತೆ?"

ಟೇಲರಮ್ಮ ಗಂಡನ ಕಡೆ ನೋಡಿ ತಲೆ ತಗ್ಗಿಸಿದರು. "ಹಿತ್ತಲಿಗೆ ಹೋಗಬೇಕಾಗುತ್ತೆ," ಎಂದರು.

ನರ್ಸಮ್ಮ ಹೆಚ್ಚು ಕೆದಕಲಿಲ್ಲ. ದಿನಾ ಹೇಗೆ ಹೋಗುತ್ತೀರೋ ಹಾಗೇ ಒಮ್ಮೆ ನಡೆದು ತೋರಿಸಿ ಎಂದು ತಾವೇ ಪಕ್ಕದಲ್ಲಿ ನಿಂತರು. ಟೇಲರಮ್ಮ ಹೊರಟರು. ಹಿಂಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿದರು. ಕಲ್ಲುಹಾಸನ್ನು ಬಿಟ್ಟು ಅದರ ಅಂಚಿನ ಮಣ್ಣಿನಲ್ಲಿ ಕಾಲಿಟ್ಟರು. ಬಟ್ಟೆ ಒಣಹಾಕುವ ಕಂಬ ಹಿಡಿದರು, ಅಲ್ಲಿಂದ ಗೋಡೆ ಹಿಡಿದರು. ಬಚ್ಚಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಂದು ಹೆಬ್ಬೆರಳನ್ನು ಟೈಲ್ಸ್ ಮೇಲೆ ಊರಿ ನೋಡಿ ನಿಂತುಬಿಟ್ಟರು.

ಡ್ರೈವರಣ್ಣ ಹಿಂದಿನಿಂದ ನೋಡುತ್ತಿದ್ದರು. ಇಷ್ಟು ದಿನ ಒಂದೇ ಮನೆಯಲ್ಲಿದ್ದೂ ಈ ನಡಿಗೆಯನ್ನು ಅವರು ನೋಡಿರಲಿಲ್ಲ. ಆದರೂ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಅಂಗಡಿಯಲ್ಲಿದ್ದ ಒಳ್ಳೇ ಟೈಲ್ಸ್ ಇದೇ, ಇದರಲ್ಲೇನು ಹೆದರಿಕೆ ಎನ್ನುತ್ತ ತಾವೇ ಒಳಗೆ ಕಾಲಿಟ್ಟರು. ಬೆಳಗ್ಗೆ ಸ್ನಾನ ಮಾಡಿದ ನೀರು ಇನ್ನೂ ಆರಿರಲಿಲ್ಲ. ಕಾಲು ಜಾರಿತು. ಟವೆಲ್ ಹಾಕುವ ಸರಳನ್ನು ಹಿಡಿದರು. ಸರಳು ಮೊಳೆ ಸಮೇತ ಕೈಗೆ ಬಂತು. ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ದೊಪ್ಪೆಂದು ಕೂತದ್ದರಿಂದ ಬಚಾವಾದರು. ಸರಳನ್ನು ಸ್ಟೇರಿಂಗಿನ ಹಾಗೆ ಹಿಡಿದುಕೊಂಡು ಕಣ್ಣು ಕಣ್ಣು ಬಿಟ್ಟರು. ಯಾರೂ ನಗಲಿಲ್ಲ.

"ನನಗೂ ಹೀಗೇ ಆಗಿತ್ತು," ಎಂದರು ಟೇಲರಮ್ಮ. "ಪುಣ್ಯಕ್ಕೆ ಏಟು ಬೀಳಲಿಲ್ಲ. ಆಮೇಲೆ ಇಲ್ಲಿಗೆ ಬರೋದೇ ಬೇಡ ಅಂತ ನೀರು ಕುಡಿಯೋದನ್ನೇ ಬಿಟ್ಟೆ."

"ನನಗ್ಯಾಕೆ ಹೇಳಲಿಲ್ಲ ನೀನು? ಕೇಳಿದಾಗೆಲ್ಲ ಚೆನ್ನಾಗಿದೆ ಅಂದೆಯಲ್ಲ."

"ಚೆನ್ನಾಗಿದೆಯಾ ಅಂತ ಕೇಳಿದ್ರಿ, ಚೆನ್ನಾಗೇ ಇತ್ತು. ಅಷ್ಟು ಆಸೆಯಿಂದ ಮಾಡಿಸಿದ್ರಿ. ಇದರ ಮೇಲೆ ನಡೆಯೋಕಾಗುತ್ತಾ ಅಂತ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ."

ಡ್ರೈವರಣ್ಣ ಕೈಯಲ್ಲಿದ್ದ ಸರಳನ್ನು ಕೆಳಗಿಟ್ಟರು. ನಾಚಿಕೆಯೋ ದುಃಖವೋ ಅವರಿಗೇ ತಿಳಿಯಲಿಲ್ಲ. ಬಕೆಟ್ಟಿನ ಮೇಲಿಂದ ಎದ್ದು, ಇಡೀ ಟೈಲ್ಸನ್ನು ಕಿತ್ತು ಹಾಕಿಸುತ್ತೇನೆ ಎಂದು ಹೊರಟರು. ನರ್ಸಮ್ಮ ತಡೆದರು. ಕೀಳಿಸಿ ಮತ್ತೆ ಹಾಕಿಸಲು ದುಡ್ಡೂ ಬೇಕು, ದಿನಗಟ್ಟಲೆ ಸಮಯವೂ ಬೇಕು, ಅಷ್ಟು ದಿನ ಮಹಡಿ ಹತ್ತಲಾಗದ ಅಮ್ಮ ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ಮೊದಲು ಬೀಳುವ ಜಾಗ ನೋಡಿಕೊಳ್ಳೋಣ, ಚಂದ ಆಮೇಲೆ ಎಂದರು.

ಕಾರಂಜಿಯನ್ನು ಇನ್ನೂ ತಯಾರಿಸಿರಲಿಲ್ಲ. ಅಂಗಡಿಯವನು ಗೊಣಗುತ್ತಲೇ ಮುಂಗಡ ವಾಪಸು ಕೊಟ್ಟ. ಉಳಿದ ಕೆಲಸವೆಲ್ಲ ಆ ದುಡ್ಡಿನಲ್ಲೇ ಆಯಿತು. ಬಚ್ಚಲಿಗೆ ನೆಲ ಕಚ್ಚಿಕೊಳ್ಳುವ ಒರಟು ರಬ್ಬರ್ ಮ್ಯಾಟು, ಕೂತು ಸ್ನಾನ ಮಾಡಲು ಒಂದು ಗಟ್ಟಿ ಸ್ಟೂಲು. ಗೋಡೆಗೆ ಉಕ್ಕಿನ ಹಿಡಿ ಕೂರಿಸಲು ಗಾರೆಯವನು ಬಂದಾಗ ಮತ್ತೆ ಗೊಂದಲ. ಎಷ್ಟು ಎತ್ತರಕ್ಕೆ? ಗಾರೆಯವನು ಒಂದು ಹೇಳಿದ, ಮಗಳು ಒಂದು ಹೇಳಿದಳು, ಡ್ರೈವರಣ್ಣ ಇನ್ನೊಂದು ಹೇಳಿದರು. ಟೇಲರಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು, ಕೂತು ಒಮ್ಮೆ, ನಿಂತು ಒಮ್ಮೆ ಕೈ ಚಾಚಿ ಗೋಡೆಯ ಮೇಲೆ ತಾವೇ ಗೆರೆ ಎಳೆದರು. ಅಳತೆ ತೆಗೆಯುವುದರಲ್ಲಿ ಅವರದು ಎತ್ತಿದ ಕೈ. ಹಿಡಿ ಅಲ್ಲೇ ಕೂತಿತು, ಇಟ್ಟಿಗೆಯೊಳಗೆ ಆಳಕ್ಕೆ ಇಳಿದ ಉದ್ದನೆಯ ಬೋಲ್ಟಿನ ಮೇಲೆ.

ದಾರಿಯ ಚಪ್ಪಡಿಗಳಿಗೆ ಉಪಾಯ ಹೊಳೆದದ್ದು ಡ್ರೈವರಣ್ಣನಿಗೇ. ಪಾಲಿಶ್ ಇರುವುದು ಮೇಲ್ಭಾಗಕ್ಕೆ ಮಾತ್ರ, ಕೆಳಭಾಗ ಒರಟು. ಗಾರೆಯವನು ಅವನ್ನು ಎಬ್ಬಿಸಿ, ಮಗುಚಿ, ಅಲುಗಾಡದಂತೆ ಕೂರಿಸಿದ. ಮೆಟ್ಟಿಲನ್ನೂ ಹಾಗೇ ಮಾಡಿ, ಅಂಚಿಗೆ ಹಳದಿ ಬಣ್ಣದ ಪಟ್ಟಿ ಬಳಿದು, ಪಕ್ಕಕ್ಕೊಂದು ಪೈಪಿನ ಕಂಬಿ ನಿಲ್ಲಿಸಿದ. ಬಾಗಿಲ ಮೇಲೊಂದು ದೀಪ ಬಂತು. ಬಗ್ಗಲಾಗದ ಟೇಲರಮ್ಮನಿಗಾಗಿ ಮಗಳು ಹಳೆಯ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಉದ್ದಕ್ಕೆ ಸೀಳಿಸಿ, ತಳಕ್ಕೆ ತೂತು ಹಾಕಿಸಿ, ಇಟ್ಟಿಗೆ ಕಟ್ಟೆಯ ಮೇಲೆ ಸೊಂಟದ ಎತ್ತರಕ್ಕೆ ಇರಿಸಿದಳು. ಟೊಮೇಟೊ ಪುದೀನ ಅಲ್ಲಿಗೆ ಬಂದವು. ನೀರು ಹೊರುವ ಬದಲು ನಲ್ಲಿಗೊಂದು ಪೈಪು. ಗುಲಾಬಿ ಕಮಾನು ದಾರಿಗೆ ಅಡ್ಡವಾಗಿರಲಿಲ್ಲ, ಅದು ಇದ್ದಲ್ಲೇ ಇತ್ತು.

ಟೇಲರಮ್ಮ ಒಂದೇ ದಿನಕ್ಕೆ ಮೊದಲಿನಂತಾಗಲಿಲ್ಲ. ಕೆಲವು ದಿನ ಕಂಬಿಯನ್ನೂ ನಂಬದೆ ಅಲುಗಾಡಿಸಿ ನೋಡಿ ಇಳಿಯುತ್ತಿದ್ದರು. ನಿಧಾನಕ್ಕೆ ಜಗ್ ಖಾಲಿಯಾಗತೊಡಗಿತು. ತಲೆಸುತ್ತು ನಿಂತಿತು, ಅಂಗಿಗಳ ತೋಳುಗಳು ಸರಿಯಾಗಿ ಕೂಡಿಕೊಂಡವು. ಡಾಕ್ಟರು ಇನ್ನೊಮ್ಮೆ ನೋಡಿ ಚಿಂತೆಯಿಲ್ಲ ಎಂದರು. ಒಂದು ಬೆಳಗ್ಗೆ ಡ್ರೈವರಣ್ಣ ಎದ್ದು ನೋಡಿದರೆ ಹೆಂಡತಿ ಆಗಲೇ ಹಿತ್ತಲಲ್ಲಿದ್ದರು, ಟೊಮೇಟೊ ಗಿಡವನ್ನು ಏನೋ ಗದರುತ್ತಿದ್ದರು.

ಈಚೆಗೆ ಡ್ರೈವರಣ್ಣನ ಹಳೇ ಕಂಡಕ್ಟರು ತಮ್ಮ ಮನೆಯ ಮುಂಭಾಗಕ್ಕೆ ಹೊಸ ಕಲ್ಲು ಹಾಕಿಸಿ, ಬಂದು ನೋಡು ಎಂದು ಕರೆದರು. ಡ್ರೈವರಣ್ಣ ಹೋದರು. ಕಲ್ಲನ್ನು ಹೊಗಳಲೇ ಇಲ್ಲ. ಒಳಗೆ ಮಂಚದ ಮೇಲೆ ಕೂತಿದ್ದ ಕಂಡಕ್ಟರ ತಾಯಿಯ ಹತ್ತಿರ ಹೋಗಿ, "ಅಮ್ಮಾ, ದಿನಾ ಬಚ್ಚಲಿಗೆ ಹೇಗೆ ಹೋಗ್ತೀರಿ? ಒಂದು ಸಲ ನನ್ನ ಕೈ ಹಿಡ್ಕೊಂಡು ನಡೆದು ತೋರಿಸಿ," ಎಂದು ಕೈ ನೀಡಿದರು. ಮುದುಕಿ ಮಗನ ಕಡೆ ಒಮ್ಮೆ ನೋಡಿ, ಆ ಕೈ ಹಿಡಿದು ಎದ್ದರು. ಕಂಡಕ್ಟರು ಎರಡು ಲೋಟ ಕಾಫಿ ಹಿಡಿದುಕೊಂಡು, ಇವನಿಗೆ ಏನಾಗಿದೆ ಎಂದು ತಿಳಿಯದೆ, ಅವರಿಬ್ಬರ ಹಿಂದೆ ಹೆಜ್ಜೆ ಹಾಕಿದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ನೀವೂ ಇವತ್ತೇ ಎದ್ದು ನಿಮ್ಮ ಮನೆಯ ಹಿರಿಯರ ಜೊತೆ ನಡೆಯಿರಿ, ಮಂಚದಿಂದ ಬಚ್ಚಲವರೆಗೆ, ಬಾಗಿಲಿನಿಂದ ಗಿಡದವರೆಗೆ. ಅವರು ಎಲ್ಲಿ ನಿಲ್ಲುತ್ತಾರೆ, ಏನನ್ನು ಹಿಡಿಯುತ್ತಾರೆ ಎಂದು ನೋಡಿ. ನಿಮ್ಮ ಕೈಯಲ್ಲಿರುವ ಅಷ್ಟಿಷ್ಟು ದುಡ್ಡನ್ನು ಮೊದಲು ಆ ಜಾಗಕ್ಕೆ ಹಾಕಿ. ನೀವೇ ಹಿರಿಯರಾಗಿದ್ದರೆ, ಮನೆಯವರಿಗೆ ಬೇಜಾರಾಗುತ್ತದೆಂದು ಭಯವನ್ನು ನುಂಗಿಕೊಂಡು ಕೂರಬೇಡಿ. ಬಾಯಿಬಿಟ್ಟು ಹೇಳಿ. ಕೇಳಿಸಿಕೊಳ್ಳಬೇಕಾದವರು ಆಗಲೇ ನಿಮ್ಮ ಮನೆಯಲ್ಲೇ ಇದ್ದಾರೆ.