ಕಬ್ಬಕ್ಕಿಗಳಿಗೆ ಅಕ್ಷತೆ

ಹಳೇಬೀಡಿನ ಕೆರೆ ಪಕ್ಕದ ಪಾರ್ಕಿನ ಗೋಣಿಮರ ಆ ಜನವರಿಯಲ್ಲಿ ಮೈತುಂಬ ಹಣ್ಣು ಬಿಟ್ಟು ನಿಂತಿತ್ತು. ತಿನ್ನಲು ಒಂದು ಹಕ್ಕಿಯೂ ಇರಲಿಲ್ಲ. ಉದುರಿದ ಹಣ್ಣಿನ ಮೇಲೆ ಜನ ಜಾರಿ ಬೀಳುತ್ತಿದ್ದರು. ಪಾರ್ಕು ನೋಡಿಕೊಳ್ಳುವ ಚನ್ನೇಶಣ್ಣ, ಸೋಮವಾರ ಮರ ಕಡಿಸುತ್ತೇನೆ ಎಂದ.

"ತಡಿಯಪ್ಪ, ಕಬ್ಬಕ್ಕಿ ಬತ್ತವೆ," ಎಂದರು ನನ್ನಜ್ಜಿ ವಿಶಾಲಮ್ಮ.

"ಸೋಮವಾರದ ತಂಕ ನೋಡ್ತೀನಿ ಅಜ್ಜಿ."

ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಹಾರಿ ಬರುವ ಗುಲಾಬಿ ಕಬ್ಬಕ್ಕಿಗಳು ಅಜ್ಜಿಯ ಕಥೆಗಳಲ್ಲಿ ನಮ್ಮ ಬೀಗರು. ಗುಲಾಬಿ ಸೀರೆ, ಕಪ್ಪು ಕುಪ್ಪಸ, ಹಣ್ಣು ಕಚ್ಚಿಕೊಂಡೇ ಜಗಳ. ಅವು ಉಣ್ಣುವುದನ್ನು ನೋಡುತ್ತಲೇ ನಾನು ಬೆಳೆದದ್ದು. ಈ ಸಲ ಅವು ಜಾವಗಲ್ಲಿನ ಆಲದಮರದಲ್ಲೇ ಉಳಿದಿವೆ ಎಂದು ತಿಳಿದಾಗ ಅಜ್ಜಿಗೆ ತಪ್ಪು ಹೊಳೆಯಿತು.

"ನಾವು ಹೋಗಿ ಕರ್ದೇ ಇಲ್ವಲ್ಲೇ ಪ್ರತಿಮಾ. ಬೀಗರು ಸುಮ್ಮನೆ ಬಂದಾರಾ?"

ಭಾನುವಾರ ಜಾವಗಲ್ಲಿಗೆ ಹೋದೆವು. ಅಜ್ಜಿ ಆಲದ ಬುಡಕ್ಕೆ ಕುಂಕುಮವಿಟ್ಟು, ಅಕ್ಷತೆ ಹಾಕಿ, ತಲೆಯೆತ್ತಿ ಕೈಮುಗಿದರು. "ನಾಳೆ ಮಧ್ಯಾಹ್ನ ನಮ್ಮೂರ ಪಾರ್ಕಲ್ಲಿ ಊಟ. ಮನೆಮಂದಿಯೆಲ್ಲ ಬರ್ಬೇಕು."

ಮೇಲೆ ಹಕ್ಕಿಗಳ ಗಲಾಟೆ ಒಂದು ಕ್ಷಣ ನಿಂತಿತು. ಕೆಳಗೆ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಚಲುವಮ್ಮ ಸೆರಗು ಸರಿಮಾಡಿಕೊಂಡು, "ಬತ್ತೀವಿ ಬಿಡ್ರವ್ವ," ಎಂದಳು.

ಸೋಮವಾರ ಕೊಡಲಿಯವರು ಮರದ ಬುಡದಲ್ಲಿದ್ದಾಗ ಜಾವಗಲ್ ಬಸ್ಸು ಬಂತು. ಟಾಪಿನ ಮೇಲೆ ಸಾಲಾಗಿ ಕಬ್ಬಕ್ಕಿಗಳು. ಒಳಗೆ ಚಲುವಮ್ಮನೂ ಅರ್ಧ ಸಂತೆಯೂ.

"ಮೇಲಿರೋರ್ಗೂ ಟಿಕೆಟ್ ಹರೀಬೇಕಿತ್ತಾ?" ಎಂದು ಕಂಡಕ್ಟರ್ ನನ್ನನ್ನೇ ಕೇಳಿದ.

ಹಕ್ಕಿಗಳು ಕೊಂಬೆಗಳಲ್ಲಿ ಪಂಕ್ತಿ ಕೂತವು. ಜನ ನೆರಳಿನಲ್ಲಿ ಕೂತರು.

"ಮೇಲಿನ ಪಂಕ್ತಿಗಷ್ಟೇ ಅಡಿಗೆ ಆಗಿರೋದು ಕಣೇ," ಎಂದು ಅಜ್ಜಿ ಪಿಸುಗುಟ್ಟಿದರು.

ಚಲುವಮ್ಮ ಚನ್ನೇಶಣ್ಣನತ್ತ ತಿರುಗಿದಳು. "ಯಜಮಾನ್ರೇ, ಅವ್ರಿಗೆ ಬಡ್ಸಾಯ್ತು. ನಮ್ಗೆ?"

ಯಜಮಾನ ಅನ್ನಿಸಿಕೊಂಡ ಮೇಲೆ ಅವನು ಏನು ಮಾಡಿಯಾನು? ಅಕ್ಕಿ, ಬೇಳೆ ತರಿಸಿದ. ಸೌದೆಗೆಂದು ಮರದತ್ತ ನೋಡಿದ.

"ಬೀಗರು ಉಣ್ತಾ ಕೂತವ್ರೆ. ಅವ್ರ ಮುಂದಿನ ಎಲೆ ಎಳೀತೀಯೇನಪ್ಪ?" ಎಂದರು ಅಜ್ಜಿ.

ಕೊಡಲಿಯವರು ತೆಂಗಿನ ಮಟ್ಟೆ ಸೀಳಿದರು. ಅನ್ನ ಸಾರಾಯಿತು. ಅವರೂ ಕೂತು ಉಂಡರು. ಕೈ ತೊಳೆದವರೇ ಮತ್ತೆ ಕೊಡಲಿ ಎತ್ತಿಕೊಂಡರು.

ಆಗ ಚಲುವಮ್ಮ ಚನ್ನೇಶಣ್ಣನ ಹಣೆಗೆ ಕುಂಕುಮವಿಟ್ಟು, ಕೈಗೆ ಅಕ್ಷತೆ ಕೊಟ್ಟಳು. "ಬರೋ ವರ್ಸ ನಮ್ಮೂರಲ್ಲಿ ಊಟ. ಮನೆಮಂದಿಯೆಲ್ಲ ಬರ್ಬೇಕು."

ಅವನು ಹೆಂಡತಿ ಮಕ್ಕಳನ್ನು ಲೆಕ್ಕ ಹಾಕುವವನಂತೆ ನಿಂತ. ಚಲುವಮ್ಮ ಬೆರಳನ್ನು ಮರದ ಹಕ್ಕಿಗಳತ್ತ ಎತ್ತಿ, "ಅವ್ರೂವೆ," ಎಂದಳು.

ಚನ್ನೇಶಣ್ಣ ಮೇಲೆ ನೋಡಿದ. ಒಂದು ಹಣ್ಣು ಅವನ ಹೆಗಲ ಮೇಲೆ ಬಿತ್ತು.

"ಕೊಡಲಿ ಕೆಳಗಿಡ್ರಪ್ಪ," ಎಂದ. "ಮರ ಕಡ್ದು, ಇವ್ರಿಲ್ದೆ ಹೋದ್ರೆ, ಮನೆಮಂದಿ ಎಲ್ಲಿ ಅಂತ ಜಾವಗಲ್ನೋರು ಕೇಳಲ್ವಾ?"